ಪಾದ ಮುಟ್ಟಿಸಿಕೊಳ್ಳದ ಸೋಮವಾರ

ಕಣವಿಹಟ್ಟಿಯ ಗುಡ್ಡದ ಬುಡದಲ್ಲಿ, ಎಂದೋ ಯಾರೋ ಸುಂಕ ವಸೂಲಿಗೆಂದು ಕಟ್ಟಿಸಿದ ಒಂದು ಕಲ್ಲುಮನೆಯಿತ್ತು. ಬಾಗಿಲಿರಲಿಲ್ಲ. ಮೇಲೆ ಅರ್ಧ ಹಂಚು, ಅರ್ಧ ತಗಡು. ಪೂಜ್ಯ ಮುರಿಗೆಮ್ಮ ತಾಯಿಯವರು ವಾಸವಾಗಿದ್ದುದು ಅಲ್ಲಿ. ಒಂದು ಕಂಬಳಿ, ಒಂದು ಕೊಡ, ಮೂಲೆಯಲ್ಲೊಂದು ಹಾರೆ, ಕೊರಳಲ್ಲಿ ಇಷ್ಟಲಿಂಗ, ಗೂಡಿನಲ್ಲಿ ವಿಭೂತಿಯ ಗಟ್ಟಿ. ಇಷ್ಟೇ ಅವರ ಸಂಸಾರ. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ಸಾಹುಕಾರರಿಗೆ ತಾಯಿಯವರು, "ಅಷ್ಟು ದೊಡ್ಡದರ ಕಸಾ ಯಾರಪಾ ಹೊಡಿತಾರ?" ಎಂದು ಕೇಳಿ ಕಳಿಸಿದ್ದರು.

ಸೋಮವಾರಗಳಲ್ಲಿ ಸುತ್ತಲಿನ ಹಳ್ಳಿಗಳ ಜನ ಬರುತ್ತಿದ್ದರು. ಹೆಚ್ಚಿನವರು ಆಡು ಕುರಿ ಸಾಕಿದವರು. ತಾಯಿಯವರ ಪಾದ ಮುಟ್ಟಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಅದು ಮಾಸುವ ಮುಂಚೆ ಮನೆ ಸೇರಿ ತಮ್ಮ ಆಡುಗಳ ಹಣೆಗೆ ಹಣೆ ಒತ್ತುವುದು ಅವರ ರೂಢಿ. ಮನುಷ್ಯನಿಗೆ ಸಿಕ್ಕ ಆಶೀರ್ವಾದ ಮೂಕ ಪ್ರಾಣಿಗೂ ದಾಟಲಿ ಎಂಬ ಆಸೆ.

ಫಕೀರವ್ವ ಮಾತ್ರ ಒಂದು ಸೋಮವಾರವೂ ಬಂದವಳಲ್ಲ. "ಬೂದಿ ಹಚ್ಚಿದರ ಆಡು ಈಯ್ತಾವಂದ್ರ, ನನ್ನ ಒಲಿ ತುಂಬ ಬೂದಿ ಐತಿ" ಎನ್ನುತ್ತಿದ್ದಳು.

ಮಕ್ಕಳಾಗುವ ಮುಂಚೆಯೇ ಗಂಡನನ್ನು ಕಳೆದುಕೊಂಡ ಹೆಂಗಸು ಅವಳು. ಮೈದುನರು ಮನೆಯಿಂದ ಹೊರಹಾಕಿದಾಗ, ಕಳೆ ಕಿತ್ತ ಕೂಲಿಗೆ ಬದಲಾಗಿ ಒಂದು ಕುಂಟು ಹೆಣ್ಣುಮರಿ ತಂದುಕೊಂಡು, ಅದರಿಂದಲೇ ಹಟ್ಟಿ ತುಂಬಿಸಿದ್ದಳು. ಗೊರಸು ಬೆಳೆದರೆ ತಾನೇ ಹೆರೆಯುವಳು. ಹಟ್ಟಿಯ ನೆಲಕ್ಕೆ ಸುಣ್ಣ ಎರಚುವಳು. ಇಬ್ಬನಿ ಆರುವ ತನಕ ಮೇಯಲು ಬಿಡಳು. "ಗೊಡ್ಡಿ ಕೈ ತಾಗಿದ ಹಟ್ಟಿ ಬರಿದಾಗತೈತಿ" ಎಂದು ಆಡಿಕೊಂಡವರ ಕಣ್ಣೆದುರೇ ಅವಳ ಆಡುಗಳು ಅವಳಿಮರಿ ಹಾಕಿದವು. ಒಂದೊಂದಕ್ಕೂ ಹೆಸರಿತ್ತು. ಹೆಸರು ಕೂಗಿದರೆ ಆಯಾ ಆಡೇ ತಲೆಯೆತ್ತುತ್ತಿತ್ತು.

ಆ ವರ್ಷ ಸಂತೆಯಿಂದ ಒಂದು ಬಿಳಿ ಆಡು ತಂದಳು. ಆ ಕಡೆಯವರಿಗೆ ಹೊಸ ಆಡೆಂದರೆ ಮನೆಗೆ ಬಂದ ಸೊಸೆ. ಕೊಂಬಿಗೆ ಅರಿಶಿನ ಹಚ್ಚಿ, ಉಳಿದವುಗಳ ಜೊತೆ ಒಂದೇ ಕಲ್ಲುಬಾನಿಯಲ್ಲಿ ನೀರು ಕುಡಿಸಿದ ಮೇಲೆಯೇ ಅದು ಮನೆಯದಾಗುವುದು. ಬಿಳಿ ಆಡಿನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮೂಗೂ ಒದ್ದೆಯಾಗಿತ್ತು. ಫಕೀರವ್ವ ಅದರ ಮುಂದೆ ಕೂತಳು. "ತವರು ಬಿಟ್ಟು ಬಂದೀನಂತ ಅಳತೀಯೇನವ್ವಾ?" ಎಂದು ಸೆರಗಿನಿಂದ ಒರೆಸಿದಳು. ಒಂಟಿಯಾಗಿ ಬಿಟ್ಟರೆ ಇನ್ನೂ ಅತ್ತೀತೆಂದು ಹಟ್ಟಿಯ ನಟ್ಟನಡುವೆ, ಎಲ್ಲಕ್ಕಿಂತ ಬೆಚ್ಚಗಿನ ಜಾಗದಲ್ಲಿ ಕಟ್ಟಿದಳು. ಅದೇ ಸೆರಗಿನಿಂದ ಉಳಿದ ಆಡುಗಳ ಮುಖವನ್ನೂ ಒರೆಸಿದಳು.

ಅದು ಅಳು ಆಗಿರಲಿಲ್ಲ, ಬೇನೆಯಾಗಿತ್ತು. ಸೊಸೆ ಮೊದಲು ಸತ್ತಳು. ಆಮೇಲೆ ಒಂದೊಂದಾಗಿ ಆಡುಗಳಿಗೆ ಜ್ವರ ಏರಿತು, ಬಾಯೊಳಗೆ ಹುಣ್ಣೆದ್ದಿತು, ಹಸಿರು ಭೇದಿ ಹತ್ತಿತು. ಮೇವು ಮುಂದಿಟ್ಟರೆ ಮೂಸಿ ಅವಳ ಮುಖ ನೋಡುತ್ತಿದ್ದವು. ಫಕೀರವ್ವ ಪಟ್ಟಣದ ದನದ ಡಾಕ್ಟರ ಹತ್ತಿರ ಓಡಿದಳು. "ಸೂಜಿ ಬೇನೆ ಬರೋದಕ್ಕಿಂತ ಮೊದಲು ಹಾಕೋದಮ್ಮ. ಈಗ ಬೇನೆ ಬಿದ್ದವನ್ನು ಬೇರೆ ಕಟ್ಟು. ಊರಿಗೆಲ್ಲ ಹೇಳು, ಉಳಿದವರ ಆಡಿಗಾದರೂ ನಾನು ಬಂದು ಹಾಕ್ತೀನಿ. ಯಾವೂರು ನಿಂದು?" ಎಂದು ಅವರು ಕೇಳಿದರು. ಅವಳ ಬಾಯಿಂದ ಇದ್ದೂರಿನ ಬದಲು ತವರೂರಿನ ಹೆಸರು ಹೊರಟಿತು.

ಊರಿಗೆ ಹೇಗೆ ಹೇಳಿಯಾಳು? ಅಷ್ಟು ವರ್ಷ ಯಾವ ಮಾತಿಗೆ ಸೋಲದೆ ಬದುಕಿದ್ದಳೋ ಗೊಡ್ಡಿ ಕೈಯ ಆ ಮಾತೇ ನಿಜವಾಗಿಬಿಡುತ್ತಿತ್ತು. ಸತ್ತವನ್ನು ಕತ್ತಲಾದ ಮೇಲೆ ಹಿತ್ತಲಲ್ಲಿ ಹೂತಳು. ಏನೂ ಆಗಿಲ್ಲವೆಂದು ತೋರಿಸಲು, ಕಾಲು ನಡೆಯುವವನ್ನು ಎಂದಿನಂತೆ ಊರ ಗೋಕಟ್ಟೆಗೆ ನೀರಿಗೆ ಹೊಡೆದುಕೊಂಡು ಹೋದಳು. ಊರ ಆಡುಗಳೆಲ್ಲ ಅಲ್ಲೇ ನೀರು ಕುಡಿಯುತ್ತಿದ್ದವು. ಕೊನೆಗೆ ಉಳಿದದ್ದು ಚಂದ್ರಿ ಎಂಬ ಆಡು, ಮತ್ತು ಬುಟ್ಟಿಯಡಿ ಬೇರೆಯಾಗಿ ಮುಚ್ಚಿಟ್ಟಿದ್ದ ಅದರ ಮರಿ. ಒಂದು ಮುಂಜಾನೆ ಚಂದ್ರಿಯ ಕಣ್ಣಲ್ಲೂ ನೀರು ಕಂಡಿತು.

ಅಂದು ಸೋಮವಾರ. ಹೊತ್ತು ಮೂಡುವ ಮೊದಲೇ ಫಕೀರವ್ವ ಚಂದ್ರಿಯನ್ನು ಹೊತ್ತು, ಮರಿಯನ್ನು ಹಗ್ಗದಲ್ಲಿ ಹಿಡಿದು ಗುಡ್ಡಕ್ಕೆ ಬಂದಳು. ತಾಯಿಯವರು ಅಂಗಳ ಗುಡಿಸುತ್ತಿದ್ದರು. ಅವಳು ಕೈಮುಗಿಯಲಿಲ್ಲ.

"ಅವ್ವಾರ, ನಾ ನಿಮ್ಮನ್ನ ನಂಬಿದಾಕಿ ಅಲ್ಲ. ಬೇರೆ ಬಾಗಿಲ ಇಲ್ಲದ್ದಕ್ಕ ಬಂದೀನಿ. ಇದಕ್ಕ ನಿಮ್ಮ ಕೈಲೆ ವಿಭೂತಿ ಹಚ್ಚ್ರಿ. ಉಳೀತಂದ್ರ ನಿಮ್ಮ ಪಾದ ಹಿಡಿತೀನಿ. ಸತ್ತರ ಊರ ಮುಂದ ನಿಂತು ಬೈತೀನಿ."

"ಸಾಯೂತನಕ ಯಾಕ ಕಾಯ್ತಿ? ಈಗ ಬೈ ಮಗಳ, ಹಗುರಾಗತೈತಿ" ಎಂದರು ತಾಯಿಯವರು.

ಬೈಯಲು ಬಾಯಿ ತೆರೆದ ಫಕೀರವ್ವನಿಂದ ಅಳು ಹೊರಟಿತು. ಬಿಳಿ ಆಡು ತಂದದ್ದು, ಅದರ ಕಣ್ಣೀರು ಒರೆಸಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಕಾರಿಕೊಂಡಳು. ತಾಯಿಯವರು ಕುಕ್ಕರಗಾಲಲ್ಲಿ ಕೂತು ಚಂದ್ರಿಯ ಬಾಯಿ ಬಿಡಿಸಿ ನೋಡಿದರು. ಗೂಡಿನ ವಿಭೂತಿಗೆ ಕೈ ಹಾಕಲಿಲ್ಲ.

"ಇದು ಎಲ್ಲಿ ನೀರು ಕುಡೀತು?"

"ಗೋಕಟ್ಟಿಯಾಗ."

"ಊರಿಗೆ ಹೇಳಿಯೇನು?"

ಫಕೀರವ್ವ ಮರಿಯ ಹಗ್ಗವನ್ನು ಬೆರಳಿಗೆ ಸುತ್ತತೊಡಗಿದಳು. ತಾಯಿಯವರು ಚಂದ್ರಿಯನ್ನು ಎತ್ತಿ ಒಳಗೆ ತಮ್ಮ ಒಂದೇ ಕಂಬಳಿಯ ಮೇಲೆ ಮಲಗಿಸಿದರು.

"ತಾಯಿ ನಂದು, ಮರಿ ನಿಂದು. ಹಳ್ಳದಾಗ ಮೈ ತೊಕ್ಕೊಂಡು, ಸೀರಿ ಒಗದು ಉಟಗೊಂಡು, ಮರಿನ ಆ ಬೇವಿನ ಗಿಡದ ಬುಡಕ್ಕ ಕರಕೊಂಡು ಹೋಗು. ಇತ್ತಾಗ ಬರಬ್ಯಾಡ."

ಹೇಳಿದಂತೆ ಮಾಡಿ ಫಕೀರವ್ವ ದೂರದ ಬೇವಿನ ಬುಡದಲ್ಲಿ ಕೂತಳು. ಬಾಗಿಲಿಲ್ಲದ ಮನೆಯ ಒಳಗೂ ಹೊರಗೂ ಅಲ್ಲಿಂದ ಕಾಣುತ್ತಿತ್ತು. ತಾಯಿಯವರು ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಚಂದ್ರಿಯ ಬಾಯಿ ತೊಳೆದರು. ಬೆರಳಿನಿಂದ ಗಂಜಿ ನೆಕ್ಕಿಸಿದರು. ಭೇದಿಯನ್ನು ಕೈಯಿಂದ ಬಳಿದು ಹೊರಗೆ ಹಾಕಿದರು. ಪೂಜೆಯ ಹೊತ್ತು ಮೀರಿ ಹೋಗಿತ್ತು.

ಅಷ್ಟರಲ್ಲಿ ಜನ ಬರತೊಡಗಿದರು. ಮುಂದೆ ಹಿರಿಯ ಕುರಿಗಾರ ಭರಮಪ್ಪ, ಹಿಂದೆ ಫಕೀರವ್ವನ ನೆರೆಮನೆಯ ಕಲ್ಲವ್ವ. ತಾಯಿಯವರು ಎದ್ದು ಅಂಗಳಕ್ಕೆ ಬಂದು ಕೈ ಅಡ್ಡ ಹಿಡಿದರು.

"ಅಲ್ಲೇ ನಿಂದರ್ರಿ. ಇವತ್ತ ನನ್ನ ಕೈ ಕೆಟ್ಟೈತಿ. ಮನ್ಯಾಗ ಆಡು ಕುರಿ ಇದ್ದೋರು ನನ್ನ ಮುಟ್ಟಬ್ಯಾಡ್ರಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಶಿವಾ ಶಿವಾ! ಎಂಥಾ ಮಾತು ಆಡ್ತೀರಿ ಅವ್ವಾರ? ನಿಮ್ಮ ಕೈ ಕೆಡತೈತೇನ್ರಿ? ಕೆಟ್ಟ ಕೈ ಅಂದ್ರ ಅಗಾ, ಗಿಡದ ಬುಡಕ ಕುಂತಾಳಲ್ಲ, ಆ ಗೊಡ್ಡೀದು."

"ಆಕಿ ಕೈ ನೋಡೀನಿ ಕಲ್ಲವ್ವ. ನನ್ನ ಕೈಯಂಗ ಐತಿ" ಎಂದರು ತಾಯಿಯವರು.

ಭರಮಪ್ಪನಿಗೆ ಈ ಮಾತುಕತೆಯೇ ರುಚಿಸಲಿಲ್ಲ. "ತಾಯಿ ಮುಟ್ಟಿದ್ದು ಅಮೃತ. ನನ್ನ ಕುರಿ ಸತ್ತರ ಸಾಯ್ಲಿ, ನಾ ಪಾದ ಮುಟ್ಟದ ಹೋಗಾವಲ್ಲ" ಎಂದು ರುಮಾಲು ಕಂಕುಳಿಗೆ ಸಿಕ್ಕಿಸಿ ಮುಂದೆ ಬಂದ. ತಾಯಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಅವನು ಬಗ್ಗಿದ. ಮತ್ತೆ ಸರಿದರು. ಅವನ ಹಿಂದೆ ಉಳಿದವರೂ ಮುನ್ನುಗ್ಗಿದರು. ಭಕ್ತಿಗೆ ಹೆದರಿ ಹಿಂದೆ ಹಿಂದೆ ಸರಿದ ತಾಯಿಯವರ ಬೆನ್ನು ಕಲ್ಲುಗೋಡೆಗೆ ಹತ್ತಿತು. ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡರು. "ಬ್ಯಾಡೋ ತಮ್ಮಾ, ಬ್ಯಾಡೋ" ಎನ್ನುತ್ತಿದ್ದರು. ಯಾರ ಬೇನೆ, ಎಲ್ಲಿಂದ ಬಂತು ಎಂಬ ಒಂದು ಮಾತನ್ನು ಹೇಳಿದ್ದರೆ ಎಲ್ಲರೂ ನಿಲ್ಲುತ್ತಿದ್ದರು. ಹೇಳಲಿಲ್ಲ. ಹೇಳಬೇಕಾದವಳು ಬೇವಿನ ಬುಡದಲ್ಲಿದ್ದಳು.

ಗೋಡೆಗೆ ಒತ್ತಿ ನಿಂತ ಆ ಮುದಿ ದೇಹವನ್ನು ಫಕೀರವ್ವ ನೋಡಿದಳು. ತನಗೆ ಜೀವಮಾನವಿಡೀ ಅಂಟಿದ ಕೆಟ್ಟ ಕೈ ಎಂಬ ಮಾತನ್ನು ಆ ಪುಣ್ಯಾತ್ಮರು ತಾವಾಗಿ ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದರು. ಅವಳು ಎದ್ದು ಕೂಗಿದಳು.

"ಭರಮಣ್ಣಾ, ಮುಟ್ಟಬ್ಯಾಡ! ಬೇನಿ ನಂದು! ನನ್ನ ಹಟ್ಟಿ ಪೂರಾ ಸತ್ತೈತಿ. ಯಾರಿಗೂ ಹೇಳ್ದಂಗ ಹಿತ್ತಲದಾಗ ಹುಗದೀನಿ. ಬೇನಿ ಬಿದ್ದ ಆಡು ಗೋಕಟ್ಟಿಗೆ ಹೊಡದೀನಿ. ನಿಮ್ಮ ಆಡು ನೀರಿಗೆ ಬಿಡಬ್ಯಾಡ್ರಿ, ಡಾಕ್ಟರನ್ನ ಕರೆಸ್ರಿ!"

ಭರಮಪ್ಪ ಬಗ್ಗಿದವನು ಹಾಗೆಯೇ ನಿಂತ. ಕಲ್ಲವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎದೆ ಬಡಿದುಕೊಂಡಳು. "ನನ್ನ ಆಡು ಈಗ ಮುಂಜಾನೆ ನೀರು ಕುಡದು ಬಂದಾವಲ್ಲೇ! ನಿನ್ನ ಹೊಟ್ಟಿ ಉರಿದು ಹೋಗ್ಲಿ! ನಿನ್ನ ವಂಶ..." ಎಂದವಳು, ಆ ಬೈಗುಳ ತಗಲುವುದಕ್ಕೆ ಅಲ್ಲಿ ಏನೂ ಉಳಿದಿಲ್ಲವೆಂದು ಕಂಡು ಬಾಯಿ ಮುಚ್ಚಿ, ಊರ ಕಡೆ ಓಡಿದಳು. ಉಳಿದವರೂ ಓಡಿದರು. ಭರಮಪ್ಪ ಮಗನನ್ನು ಮೋಟಾರ್ ಸೈಕಲ್ ಮೇಲೆ ಡಾಕ್ಟರ ಹತ್ತಿರ ಕಳಿಸಿ, ತಾನೂ ನಡೆದ. ಫಕೀರವ್ವನ ಮುಂದೆ ಹಾಯುವಾಗ ಅವಳ ಕಡೆಗೆ ನೋಡಲಿಲ್ಲ. ಅವಳನ್ನು ಆ ದಿನ ಕ್ಷಮಿಸಿದವರು ಯಾರೂ ಇಲ್ಲ. ಯಾರ ಆಡು ಉಳಿದೀತು, ಯಾರದು ಹೋದೀತು ಎಂದು ಹೇಳಬಲ್ಲವರೂ ಇರಲಿಲ್ಲ.

ಹೊತ್ತು ಇಳಿಯುತ್ತಿದ್ದಂತೆ ಚಂದ್ರಿ ಕಂಬಳಿಯ ಮೇಲಿಂದ ಕ್ಷೀಣವಾಗಿ ಒಂದು ಸಲ ಕೂಗಿತು. ಮರಿ ಕಿವಿ ನಿಮಿರಿಸಿ, ಉತ್ತರ ಕೊಟ್ಟು, ಹಗ್ಗ ಜಗ್ಗಿತು.

"ಅವ್ವಾರ," ಫಕೀರವ್ವ ಕೂಗಿ ಕೇಳಿದಳು, "ನಾ ಒಬ್ಬಾಕಿ ಒಂದ್ಸಲ ಬರ್ಲೇನ್ರಿ? ಮುಟ್ಟಂಗಿಲ್ಲ. ಮಾರಿ ನೋಡಿ ಹೋಗ್ತೀನಿ."

ತಾಯಿಯವರು ಒದ್ದೆ ಬಟ್ಟೆಯಿಂದ ಚಂದ್ರಿಯ ಬಾಯಿ ಒರೆಸಿದರು. ಅದರ ತಲೆ ಅವರ ತೊಡೆಯ ಮೇಲಿತ್ತು.

"ಬ್ಯಾಡ ಅನ್ನಂಗಿಲ್ಲ ಮಗಳ. ಬಂದ್ರ ಮಾತ್ರ ತಿರುಗಿ ಮರಿ ಹಂತ್ಯಾಕ ಹೋಗಬ್ಯಾಡ."

ಫಕೀರವ್ವ ನಿಂತಳು. ಕಾಲು ಮುಂದೆ ಹೋಗುತ್ತಿತ್ತು, ಹಗ್ಗ ಹಿಡಿದ ಕೈ ಬರುತ್ತಿರಲಿಲ್ಲ. "ಚಂದ್ರೀ" ಎಂದು ಇದ್ದ ಉಸಿರೆಲ್ಲ ಕೂಡಿಸಿ ಕೂಗಿದಳು. ಕಂಬಳಿಯ ಮೇಲೆ ಒಂದು ಕಿವಿ ಅಲುಗಿತು. ಅಥವಾ ಅಲುಗಿದಂತೆ ಅವಳಿಗೆ ಕಂಡಿತು. ಆಮೇಲೆ ತಾಯಿಯವರು ಚಂದ್ರಿಯ ಕಣ್ಣಿನ ಮೇಲೆ ಕೈಯಿಟ್ಟು, ಹಾಗೆಯೇ ಕೂತುಬಿಟ್ಟರು.

ಗುಂಡಿ ತೋಡಲು ಯಾರೂ ಇರಲಿಲ್ಲ. ತಾಯಿಯವರೇ ಹಾರೆ ಹಿಡಿದರು. ಕಲ್ಲು ತುಂಬಿದ ಮೊರಡಿಯ ಗಟ್ಟಿ ನೆಲ. ನಾಲ್ಕು ಪೆಟ್ಟು ಹಾಕುವರು, ಸೊಂಟ ಹಿಡಿದು ನಿಲ್ಲುವರು, ಮತ್ತೆ ಹಾಕುವರು. ಗುಂಡಿ ಮೊಣಕಾಲು ಮೀರಿ ಆಳವಾದ ಮೇಲೆ, ಚಂದ್ರಿಯನ್ನು ಆ ಕಂಬಳಿಯಲ್ಲೇ ಸುತ್ತಿ ಇಳಿಸಿದರು. ಮೇಲೆ, ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ಸುರಿದರು. ಫಕೀರವ್ವ ಪ್ರತಿ ಪೆಟ್ಟನ್ನೂ ಎಣಿಸುವವಳಂತೆ ನೋಡುತ್ತ ನಿಂತಿದ್ದಳು. ಓಡಿಹೋಗಿ ಆ ಹಾರೆ ಕಸಿದುಕೊಳ್ಳಲಾರದ ಸಂಕಟಕ್ಕೆ ತುಟಿ ಕಚ್ಚಿ ರಕ್ತ ಬಂದಿತ್ತು. ಅತ್ತಳು, ಆದರೆ ಹೋಗಲಿಲ್ಲ.

ಮರಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಬೇವಿನ ಬುಡದಲ್ಲೇ ಮಂಡಿಯೂರಿ, ಯಾರ ಮುಂದೆಯೂ ಬಾಗದ ಆ ಹೆಂಗಸು ನೆಲಕ್ಕೆ ಹಣೆ ಹಚ್ಚಿದಳು. ತಾಯಿಯವರು ಅದನ್ನು ನೋಡಲಿಲ್ಲ. ಅವರು ಮಣ್ಣು ತುಂಬುತ್ತಿದ್ದರು.