ಉಂಡ ಎಲೆ, ಹುಡುಕಿದ ಎಲೆ

“ಕೇಳಿರಪ್ಪೋ ಕೇಳಿ! ಹೊಳೆಸಂದ್ರದ ದೊರೆ ವೀರಮಲ್ಲ ಪ್ರಭುಗಳ ಅಪ್ಪಣೆ! ಮೂರು ಒಗಟು ಬಿಡಿಸಿದವರು ಇಷ್ಟಪಟ್ಟ ಗುರುವಿನ ಹತ್ತಿರ, ಅರಮನೆಯ ಖರ್ಚಿನಲ್ಲಿ ಅಡುಗೆ ಕಲಿಯಬಹುದು. ಕಲಿತ ಮೇಲೆ ಅರಮನೆಯ ಅಡುಗೆ ಅವರದೇ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಅಡುಗೆಯವರನ್ನು ಆರಿಸಲು ತಲೆ ಯಾಕೆ ತೆಗೆಯಬೇಕು ಎನ್ನುತ್ತೀರಾ? ಹಿಂದೊಮ್ಮೆ ಔತಣದ ಮಾರನೆಯ ದಿನ ದೊರೆಗೆ ಹೊಟ್ಟೆನೋವು ಬಂದಿತ್ತು. ಹಲಸಿನ ಹಣ್ಣು ಮಿತಿಮೀರಿ ತಿಂದದ್ದನ್ನು ಅವನು ಮರೆತ. ಯಾರೋ ವಿಷ ಹಾಕಿರಬೇಕೆಂಬುದನ್ನು ಮಾತ್ರ ಮರೆಯಲಿಲ್ಲ. ಅಂದಿನಿಂದ ಸೌಟು ಹಿಡಿದವರೆಲ್ಲ ಅವನಿಗೆ ಶತ್ರುಗಳು ಕಳಿಸಿದವರು.

ಮೊದಲು ಬಂದವನು ವೆಂಕಣ್ಣಭಟ್ಟ. ಅಡುಗೆಯ ಓಲೆಗರಿಗಳೆಲ್ಲ ಅವನಿಗೆ ಬಾಯಿಪಾಠ.

“ನನಗಿಂತ ಮೊದಲು ಉಣ್ಣುವುದೊಂದು ಅಡುಗೆಮನೆಯಲ್ಲಿದೆ. ಕೊಡದಿದ್ದರೆ ಸಾಯುತ್ತದೆ, ಒಮ್ಮೆಗೇ ತುಂಬ ಕೊಟ್ಟರೂ ಸಾಯುತ್ತದೆ. ಏನದು?” ಎಂದ ದೊರೆ.

“ರುಚಿ ನೋಡುವ ಆಳು, ಮಹಾಪ್ರಭು.”

“ಅವನು ಸಾಯುವುದು ನಿನಗೆ ಹೇಗೆ ಗೊತ್ತು? ಯಾರು ಕಳಿಸಿದರು ನಿನ್ನನ್ನು?” ತಲೆ ತೆಗೆಯುವ ದಿನದವರೆಗೆ ಇರಲೆಂದು ಭಟ್ಟನನ್ನು ಸೆರೆಮನೆಗೆ ಎಳೆದೊಯ್ದರು.

ಎರಡನೆಯವನು ಗುರುಮಲ್ಲಪ್ಪ, ನೂರಾರು ಮದುವೆಗಳಿಗೆ ಅಡುಗೆ ಮಾಡಿದವನು. ಮೊದಲನೆಯದನ್ನು ಸಲೀಸಾಗಿ ಬಿಡಿಸಿದ. ದೊರೆ ಎರಡನೆಯದನ್ನು ಕೇಳಿದ: “ಅಡುಗೆಯವನಿಗೆ ಒಬ್ಬ ಗುರು. ಬಾಯಿಲ್ಲ, ಮುಖಸ್ತುತಿ ತಿಳಿಯದು. ಎಲ್ಲರೂ ಕೈತೊಳೆದ ಮೇಲೆಯೇ ಪಾಠ. ಯಾರು?”

“ಖಾಲಿಯಾದ ಹಂಡೆ, ಮಹಾಪ್ರಭು. ತಳ ಕಂಡರೆ ಅಡುಗೆ ಗೆದ್ದ ಹಾಗೆ.”

“ಆಳುಗಳು ಕದ್ದರೂ ತಳ ಕಾಣುತ್ತದೆ” ಎಂದ ದೊರೆ. ಗುರುಮಲ್ಲಪ್ಪನೂ ಸೆರೆಮನೆ ಸೇರಿದ.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಂದವಳು ಚಿಕ್ಕತಾಯಿ, ಅರಮನೆಯ ಪಂಕ್ತಿಯಲ್ಲಿ ಎಂಜಲೆಲೆ ಎತ್ತುವ ಹೆಂಗಸು. ಎಲೆ ಎತ್ತುವವಳಿಗೆ ಯಾವ ಅಡುಗೆಯವನೂ ಒಲೆಯ ಹತ್ತಿರ ಜಾಗ ಕೊಟ್ಟಿರಲಿಲ್ಲ. ಮೊದಲೆರಡು ಒಗಟು ಆಗಲೇ ಊರಿಗೆಲ್ಲ ಗೊತ್ತಿದ್ದವು; ದೊರೆ ಕೇಳುವ ಮೊದಲೇ ಅವಳು ಶುರುಮಾಡಿದಳು.

“ಮೊದಲನೇದು ಒಲೆ ಬೆಂಕಿ, ಬುದ್ದಿ. ಸೌದೆ ಇಲ್ದಿದ್ರೆ ಆರೋಯ್ತದೆ, ಒಂದೇ ಸಲ ತುರುಕಿದ್ರೂ ಹೊಗೆ ಎದ್ದು ಆರೋಯ್ತದೆ. ಎರಡನೇದು ಎಂಜಲೆಲೆ. ಬಾಯಲ್ಲಿ ಚೆಂದಾಗಿದೆ ಅಂದೋರೂ ಪಲ್ಯನ ಅಂಚಿಗೆ ತಳ್ಳಿರ್ತಾರೆ. ಹತ್ತು ವರ್ಸದಿಂದ ನೋಡ್ತಾ ಇವ್ನಿ.”

ದೊರೆಯ ಕಣ್ಣು ಕಿರಿದಾಯಿತು. “ಯಾರು ಹೇಳಿಕೊಟ್ಟರು?”

“ಎಲೆನೇ, ಬುದ್ದಿ.”

“ಹಾಗಾದರೆ ಇದನ್ನು ಹೇಳು. ದಿನವೂ ನನ್ನ ಎಲೆಯ ಮೇಲೆ ಯಾರೂ ಬೇಯಿಸದ, ಯಾರೂ ಬಡಿಸದ ಏನೋ ಇರುತ್ತದೆ. ಅದರಿಂದ ಉಪ್ಪು ಉಪ್ಪೆನಿಸುವುದಿಲ್ಲ, ಸಿಹಿ ಸಿಹಿಯೆನಿಸುವುದಿಲ್ಲ. ಏನದು?”

ಯಾವ ವಿಷದ ಹೆಸರು ಬರುತ್ತದೋ ಎಂದು ಅವನು ಮುಂದಕ್ಕೆ ಬಾಗಿದ. ಕತ್ತಿ ಹಿಡಿದವನು ಒಂದು ಹೆಜ್ಜೆ ಹತ್ತಿರ ಬಂದ. ಚಿಕ್ಕತಾಯಿಗೆ ಉತ್ತರ ಗೊತ್ತಿತ್ತು, ಹೇಳಲು ಭಯ.

“ನಿಮ್ಮ ಎಲೆನೂ ನಾನೇ ಎತ್ತೋದು, ಬುದ್ದಿ. ಅನ್ನದಲ್ಲಿ ಬೆರಳಿನ ತೂತು, ಪಾಯಸದಲ್ಲೂ ಬೆರಳಿನ ತೂತು. ಅದು ಉಂಡ ಎಲೆ ಅಲ್ಲ, ಹುಡುಕಿದ ಎಲೆ. ತಪ್ಪಾದ್ರೆ ಹೊಟ್ಟೆಗೆ ಹಾಕ್ಕಳಿ. ಅದು ನಿಮ್ಮ ಅನುಮಾನ.”

ದೊರೆ ತನ್ನ ಬಲಗೈಯ ಬೆರಳನ್ನೇ ಬಹಳ ಹೊತ್ತು ನೋಡಿದ. ಅವನಿಗೆ ನಾಚಿಕೆಯಾಗಿತ್ತು.

“ಗೆದ್ದೆ. ಯಾವ ಗುರು ಬೇಕು?”

“ಇಬ್ಬರು ಬೇಕು. ಸೆರೆಲಿರೋ ಭಟ್ಟರು, ಗುರುಮಲ್ಲಪ್ಪೋರು. ಯಾಕೆ ಬೇಯಿಸ್ಬೇಕು ಅಂತ ಭಟ್ಟರಿಗೆ ಗೊತ್ತು, ಹೆಂಗೆ ಬೇಯಿಸ್ಬೇಕು ಅಂತ ಗುರುಮಲ್ಲಪ್ಪೋರಿಗೆ ಗೊತ್ತು. ಎಲೆ ಪಾಠ ಒಂದು ನನಗೆ ಆಗ್ಲೇ ಆಗಿದೆ.”

“ಮೂವರೂ ಸೇರಿ ನನಗೆ…” ಎಂದು ಶುರುಮಾಡಿದ ದೊರೆ ಅಲ್ಲಿಗೇ ಮಾತು ನುಂಗಿಕೊಂಡ. ಇಬ್ಬರ ತಲೆಯೂ ಉಳಿಯಿತು.

ನಾಲ್ಕು ವರ್ಷ ಬೆಳಿಗ್ಗೆ ಓಲೆಗರಿ, ಮಧ್ಯಾಹ್ನ ಒಲೆ. ಭಟ್ಟ ಬೈದ, ಗುರುಮಲ್ಲಪ್ಪ ಸೌಟಿನಲ್ಲಿ ಕುಟ್ಟಿದ, ಅವಳು ಕಲಿತಳು. ಮೊದಲ ಬಾರಿ ಅವಳು ದೊರೆಗೆ ತಾನೇ ಅಡುಗೆ ಮಾಡಿ ಬಡಿಸಿದ ದಿನ ಅವನು ಅನ್ನದ ಮೇಲೆ ಬೆರಳಿಟ್ಟ, ತೆಗೆದ, ಸಾರು ಕಲಸಿ ಉಂಡ. ಎಲೆ ಬರಿದಾಯಿತು. ಚಿಕ್ಕತಾಯಿ ಹಳೆಯ ಅಭ್ಯಾಸದಂತೆ ಬಗ್ಗಿ ಎಲೆಗೆ ಕೈಹಾಕಿದಳು.

ದೊರೆ ತಟ್ಟನೆ ಎಲೆಯನ್ನು ಒತ್ತಿಹಿಡಿದ.

“ತೆಗೀಬೇಡ ತಾಯಿ. ಇನ್ನೂ ಸ್ವಲ್ಪ ಅನ್ನ ಹಾಕು.”