ಬಾಗಿಲಾಚೆಯ ಚಪ್ಪಲಿ

ಸಕ್ಕರೆ ಕಾಯಿಲೆಯ ಬಗ್ಗೆ ಸುತ್ತಲಿನ ಹಳ್ಳಿಗಳಿಗೆ ಸಲಹೆ ಕೊಡಲು ಆಸ್ಪತ್ರೆಯ ವಸ್ತುಗಳೆಲ್ಲ ಸೇರಿ ತಜ್ಞರ ಸಮಿತಿ ಮಾಡಿಕೊಂಡವು. ಬಾಗಿಲಿಗೆ ತೂಗುಬಿದ್ದ ಬೋರ್ಡೇ ಅಧ್ಯಕ್ಷ. ಅದರ ಮೈಮೇಲೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿತ್ತು.

"ಈ ಕಾಯಿಲೆಯವರಿಗೆ ಪಾದಕ್ಕೆ ಗಾಯವಾದರೂ ಗೊತ್ತಾಗುವುದಿಲ್ಲ. ಅವರು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು," ಎಂದಿತು ತೂಕದ ಯಂತ್ರ.

"ಸರ್ವಾನುಮತ!" ಎಂದಿತು ಬೋರ್ಡು.

ಹೊರಗಿದ್ದ ಹಳೇ ಚಪ್ಪಲಿಗೆ ಜೀವ ಬಾಯಿಗೆ ಬಂತು. ಸಕ್ಕರೆ ಕಾಯಿಲೆಯ ಸಾಕಮ್ಮ ಆಗಷ್ಟೇ ಅದನ್ನು ಕಳಚಿಟ್ಟು ಹೊಸ್ತಿಲ ಕಡೆ ಹೊರಟಿದ್ದಳು. ಹೊಸ್ತಿಲ ಮೇಲೊಂದು ಗಾಜಿನ ಚೂರು ಬಿದ್ದಿತ್ತು.

"ಅಧ್ಯಕ್ಷರೇ, ಒಂದು ಮಾತು!"

"ಚಪ್ಪಲಿಗೆ ಪ್ರವೇಶವಿಲ್ಲ. ಓದಲು ಬರುವುದಿಲ್ಲವೇ?"

"ನನಗೆ ಬರುವುದಿಲ್ಲ ಸ್ವಾಮಿ, ಸಾಕಮ್ಮನಿಗೆ ಬರುತ್ತದೆ. ಅದಕ್ಕೇ ನೋಡಿ, ಬರಿಗಾಲಲ್ಲಿ ಬರುತ್ತಿದ್ದಾಳೆ!"

ಬೋರ್ಡು ಕೆಳಗೆ ನೋಡಿತು. ಮೊಳೆಯಿಂದ ಕಳಚಿಕೊಂಡು, ಧೊಪ್ಪನೆ ಆ ಚೂರಿನ ಮೇಲೇ ಬೋರಲು ಬಿತ್ತು.

ಸಾಕಮ್ಮ ಬೆಚ್ಚಿ ಹಿಂದೆ ಸರಿದಳು. "ಅಯ್ಯೋ, ಚಪ್ಪಲಿ ಬೇಡ ಅನ್ನೋನೇ ಮಲಗಿಬಿಟ್ಟನಲ್ಲ!" ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೊರಟಳು.

"ಕ್ಷಮಿಸಿ ಅಧ್ಯಕ್ಷರೇ, ನಿಮ್ಮನ್ನೇ ದಾಟುತ್ತಿದ್ದೇನೆ," ಎಂದಿತು ಚಪ್ಪಲಿ.

"ದಾಟಮ್ಮಾ, ದಾಟು," ಎಂದಿತು ಬೋರ್ಡು. "ನಮ್ಮ ಸಮಿತಿಯ ಸಲಹೆ ಜಾರಿಗೆ ಬಂದದ್ದು ಇದೇ ಮೊದಲು."