ನೆರಳು ಕಾಯುವ ಕುಂಬಾರ

"ಗುರುಗಳೇ, ಈ ಬೇಸಿಗೆಯಲ್ಲಿ ನೀವು ನನಗೆ ಏನು ಕಲಿಸಿದಿರಿ?" ಎಂದು ಚನ್ನಮಲ್ಲ ಕೇಳಿದ.

ಕೇಳುವಾಗ ಅವನ ಬಗಲಲ್ಲಿ ಬಟ್ಟೆಯ ಗಂಟಿತ್ತು. ಬೇಸಿಗೆ ಶುರುವಾದಾಗ ಅವನು ಗುಡ್ಡದ ಮೇಲಿನ ಈ ಮಠಕ್ಕೆ ಶಿಷ್ಯನಾಗಿ ಬಂದಿದ್ದ. ಈಗ ಬೇಸಿಗೆ ಮುಗಿಯುತ್ತ ಬಂದಿತ್ತು. ಪಟ್ಟಣದಲ್ಲಿ ಇನ್ನೊಬ್ಬ ಗುರುಗಳಿದ್ದಾರೆ, ಕೋಳಿ ಕೂಗುವ ಮೊದಲೇ ಪಾಠಕ್ಕೆ ಕೂರಿಸುತ್ತಾರೆ ಎಂದು ಯಾರೋ ಹೇಳಿದ್ದರು. ಅಲ್ಲಿಗೆ ಹೊರಟಿದ್ದ. ಹೇಳದೆ ಹೋಗಲು ಮನಸ್ಸಾಗದೆ ಮಠದ ಮುಂದಿನ ಬೇವಿನ ಮರದ ಕಟ್ಟೆಯ ಬಳಿಗೆ ಬಂದಿದ್ದ.

ಗುರುಗಳು ಕಟ್ಟೆಯ ಮೇಲೆ ಕೂತಿದ್ದರು. ಬೇಸಿಗೆಯುದ್ದಕ್ಕೂ ಅವರು ಅಲ್ಲೇ ಕೂತಿದ್ದರು. ಶಿಷ್ಯರು ಸುತ್ತ ಕೂತು ಓದುತ್ತಿದ್ದರು, ಹುಣಸೆಹಣ್ಣು ಬಿಡಿಸುತ್ತಿದ್ದರು. ದಾರಿಹೋಕರು ಬಂದರೆ ಗುರುಗಳು ಅವರಿಗೆ ನೀರು ಕೊಡಿಸಿ, ಊರಿನ ಸುದ್ದಿ ಕೇಳಿ, ನಗುತ್ತಿದ್ದರು.

"ನೀನೇ ಹೇಳು, ಏನು ಕಲಿಸಿದೆ?" ಎಂದರು ಗುರುಗಳು.

"ಬೇಜಾರು ಮಾಡಿಕೊಳ್ಳಬೇಡಿ. ಬೆಳಗಾದರೆ ನೀವು ನನಗೆ ಹೇಳುವುದು ಒಂದೇ ಮಾತು. ಓದಲು ಕೂತರೆ 'ಆಚೆ ಸರಿದು ಕೂರು' ಅನ್ನುತ್ತೀರಿ. ಧ್ಯಾನಕ್ಕೆ ಕೂತರೆ 'ಈಚೆ ಸರಿದು ಕೂರು' ಅನ್ನುತ್ತೀರಿ. ಮಿಕ್ಕ ಹೊತ್ತೆಲ್ಲ ಸುಮ್ಮನೆ ಕೂತಿರುತ್ತೀರಿ. ನಾನು ಇಷ್ಟು ದೂರ ನಡೆದು ಬಂದದ್ದು ಮರದ ಕೆಳಗೆ ಕೂರುವುದಕ್ಕೇ?"

ಗುರುಗಳು ಕೋಪಿಸಿಕೊಳ್ಳಲಿಲ್ಲ. "ದಾರಿ ದೂರವಿದೆ. ಒಂದು ಕತೆ ಕೇಳಿಕೊಂಡು ಹೋಗು. ಗಂಟು ಇಳಿಸು," ಎಂದರು.

ಚನ್ನಮಲ್ಲ ಗಂಟನ್ನು ನೆಲಕ್ಕೆ ಇಳಿಸಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತ. ಗುರುಗಳು ಕತೆ ಹೇಳಿದರು.

ಒಂದು ಕೆರೆಯ ಪಕ್ಕದ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಕೈ ಒಳ್ಳೆಯದು. ಅವನು ಮಾಡುವ ಹರವಿ, ಅಂದರೆ ನೀರು ತುಂಬಿಡುವ ದೊಡ್ಡ ಮಡಕೆ, ಸುತ್ತಲಿನ ಊರುಗಳ ಪಡಸಾಲೆಯಲ್ಲೆಲ್ಲ ಕೂತಿತ್ತು. ಆದರೆ ಅವನಿಗೆ ತನ್ನ ಬಗ್ಗೆ ಒಂದು ನಾಚಿಕೆಯಿತ್ತು. ತಾನು ಮೈಗಳ್ಳ ಎಂದು ಅವನು ಒಳಗೊಳಗೇ ನಂಬಿದ್ದ.

ನಂಬುವುದಕ್ಕೆ ಕಾರಣವೂ ಇತ್ತು. ಬೇಸಿಗೆ ಬಂತೆಂದರೆ ಅವನು ತಿಗರಿಯ ಚಕ್ರ ತಿರುಗಿಸುತ್ತಿದ್ದುದು ಎಳೆಬಿಸಿಲು ಇರುವ ತನಕ ಮಾತ್ರ. ಆಮೇಲೆ ಹಸಿ ಹರವಿಗಳನ್ನು ಎತ್ತಿ ತಂದು ಮನೆ ಮುಂದಿನ ಹೊಂಗೆ ಮರದ ಕೆಳಗೆ ಆರಲು ಇಡುತ್ತಿದ್ದ. ಇಟ್ಟು ತಾನೂ ಅಲ್ಲೇ ಕೂರುತ್ತಿದ್ದ. ಹೊತ್ತು ಏರಿದ ಮೇಲೆ ಒಬ್ಬ ಕುರಿಗಾಹಿ ಕೆರೆಯಲ್ಲಿ ಕುರಿಗಳಿಗೆ ನೀರು ಕುಡಿಸಿ ಅದೇ ನೆರಳಿಗೆ ಬರುತ್ತಿದ್ದ. ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಹುಲಿ-ಕುರಿ ಆಟದ ಮನೆ ಗೀರಿತ್ತು. ಕುಂಬಾರನ ಅಪ್ಪ ಗೀರಿದ್ದು. ಒಡೆದ ಮಡಕೆಯ ಚೂರು ಹುಲಿ, ಹುಣಸೆ ಬೀಜ ಕುರಿ.

ಕುರಿಗಾಹಿ ಯಾವಾಗಲೂ ಹುಲಿಗಳನ್ನೇ ಕೇಳುತ್ತಿದ್ದ. "ಹುಟ್ಟಿದಾಗಿಂದ ಕುರಿ ಹಿಂದೆ ತಿರುಗ್ತಾ ಇದೀನಿ. ಆಟದಲ್ಲಾದ್ರೂ ಕುರಿ ತಿಂತೀನಿ ಬಿಡು ಭಾವ," ಎನ್ನುತ್ತಿದ್ದ. ಕುಂಬಾರನ ಹೆಂಡತಿಯನ್ನು ಅವನು ಅಕ್ಕ ಎನ್ನುತ್ತಿದ್ದ. ಹಾಗಾಗಿ ಕುಂಬಾರ ಅವನಿಗೆ ಭಾವನಾಗಿದ್ದ.

ಆಟದ ನಡುವೆ ಕುಂಬಾರ ಆಗಾಗ ಏಳುತ್ತಿದ್ದ. ಕಾಲು ಜೋಮು ಹಿಡಿಯಿತು ಎನ್ನುತ್ತಿದ್ದ. ಎದ್ದವನು ಹರವಿಗಳ ನಡುವೆ ಅಡ್ಡಾಡಿ, ಒಂದರ ಬೆನ್ನು ಸವರಿ, ಇನ್ನೊಂದನ್ನು ತುಸು ತಿರುಗಿಸಿ, ಮತ್ತೊಂದನ್ನು ಬಿಸಿಲಿನಿಂದ ಹಿಂದಕ್ಕೆ ಸರಿಸಿ, ಬಿಸಿಗಾಳಿ ಎದ್ದರೆ ಒದ್ದೆ ಗೋಣಿ ಹೊದಿಸಿ ಬಂದು ಕೂರುತ್ತಿದ್ದ. ಅದನ್ನು ಅವನು ಕೆಲಸ ಎಂದುಕೊಂಡಿರಲಿಲ್ಲ. ಕೂತ ದನದ ಮೈ ತಡವುವ ಹಾಗೆ ಸುಮ್ಮನೆ ಮಾಡುತ್ತಿದ್ದ.

"ಸೋಲೋ ಹೊತ್ತಿಗೇ ನಿನ್ನ ಕಾಲು ಜೋಮು ಹಿಡಿಯುತ್ತೆ ನೋಡು ಭಾವ," ಎಂದು ಕುರಿಗಾಹಿ ರೇಗಿಸುತ್ತಿದ್ದ.

ದಾರಿಯಲ್ಲಿ ಹೋಗುವವರೂ ಬಿಡುತ್ತಿರಲಿಲ್ಲ. "ಏನಯ್ಯಾ, ನೀನು ಮಡಕೆ ಕಾಯ್ತಾ ಇದೀಯೋ, ಮಡಕೆಗಳೇ ನಿನ್ನನ್ನ ಕಾಯ್ತಾ ಇದಾವೋ?" ಎನ್ನುತ್ತಿದ್ದರು. ಅವನು ನಗುತ್ತಿದ್ದ. ನಕ್ಕ ಮೇಲೆ ಎದೆಯಲ್ಲಿ ಎಲ್ಲೋ ಚುರುಕ್ ಎನ್ನುತ್ತಿತ್ತು. ಹೆಂಡತಿ ಒಳಗಿನಿಂದ ಮಜ್ಜಿಗೆ ತರುವಾಗ, "ನಿಮ್ಮಪ್ಪ ಅರ್ಧ ಕಲ್ಲು ಸವೆಸಿ ಹೋದ. ಉಳಿದರ್ಧ ನೀವು ಸವೆಸಿ," ಎನ್ನುತ್ತಿದ್ದಳು. ಬೈಗುಳ ಮುಂದೆ ಬರುತ್ತಿತ್ತು, ಮಜ್ಜಿಗೆ ಅದರ ಹಿಂದೆ ಬರುತ್ತಿತ್ತು.

ಒಂದು ಬೇಸಿಗೆ ಪಟ್ಟಣದಿಂದ ಒಬ್ಬ ಹೆಂಗಸು ಆ ದಾರಿಯಲ್ಲಿ ಬಂದಳು. ಆ ಪಟ್ಟಣದಲ್ಲಿ ಬೇಸಿಗೆಯ ಕೊನೆಗೆ ಒಂದು ಕಲಾಮೇಳ ನಡೆಯುತ್ತಿತ್ತು. ನೇಯುವವರು, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು ಎಲ್ಲ ಬಯಲಿನಲ್ಲಿ ಸಾಲಾಗಿ ಕೂರುತ್ತಿದ್ದರು. ಕಲೆಗಾರರನ್ನು ಹುಡುಕಿ ಕರೆಯುವುದು ಆಕೆಯ ಕೆಲಸ. ಆಕೆ ಹರವಿಗಳನ್ನು ನೋಡಿದಳು, ಮುಟ್ಟಿದಳು. "ಈ ಸಲ ನೀವು ಬರಲೇಬೇಕು. ಗಂಡ ಹೆಂಡತಿ ಇಬ್ಬರಿಗೂ ಜಾಗ ಇಟ್ಟಿರ್ತೀನಿ. ಆದಷ್ಟು ಹೆಚ್ಚು ಹರವಿ ತನ್ನಿ," ಎಂದು ಹೇಳಿ ಹೋದಳು.

ಕುಂಬಾರ ಇನ್ನೂ ಆಕೆ ಹೋದ ದಾರಿ ನೋಡುತ್ತಿದ್ದ. ಹೆಂಡತಿ ಆಗಲೇ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಬಿಸಿಲಿಗೆ ಹಾಕುತ್ತಿದ್ದಳು.

"ಮೇಳ ಇನ್ನೂ ದೂರ ಇದೆಯಲ್ಲೇ," ಎಂದ.

"ಇರಲಿ. ಮದುವೆಯಾಗಿ ಬಂದಾಗಿನಿಂದ ಬುಟ್ಟಿ ಹೊತ್ಕೊಂಡು ಕಂಡೋರ ಬಾಗಿಲಿಗೆಲ್ಲ ಹೋಗಿದೀನಿ. 'ಮಡಕೆ ಬೇಕೇನ್ರವ್ವಾ' ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡಿದೀನಿ. ಒಂದೇ ಒಂದ್ಸಲ ನಾನು ಕೂತಿರಬೇಕು, ಜನ ನನ್ನ ಹತ್ರ ಬರಬೇಕು. ಅಷ್ಟು ನೋಡಿದ್ರೆ ಸಾಕು ನಂಗೆ."

ಆ ಮಾತು ಕುಂಬಾರನ ಮನಸ್ಸಿಗೆ ನಾಟಿತು. ಇವಳು ಇಷ್ಟು ವರ್ಷ ಬಿಸಿಲಲ್ಲಿ ನಡೆದಳು, ನಾನು ನೆರಳಲ್ಲಿ ಕೂತೆ ಎಂದುಕೊಂಡ. ಮಾರನೆಯ ದಿನವೇ ಮೈಗಳ್ಳತನ ಬಿಡಬೇಕೆಂದು ತೀರ್ಮಾನಿಸಿದ. ಕುರಿಗಾಹಿ ಬಂದಾಗ ತಲೆ ಎತ್ತದೆ, "ಈ ಬೇಸಿಗೆ ಆಟ ಇಲ್ಲಪ್ಪ," ಎಂದ.

"ಹಂಗಾದ್ರೆ ನನ್ನ ಹುಲಿಗಳಿಗೆ ಉಪವಾಸ ಅನ್ನು," ಎಂದ ಕುರಿಗಾಹಿ. ನಗಿಸಲು ಹೇಳಿದ್ದು. ಕುಂಬಾರ ನಗಲಿಲ್ಲ. ಕುರಿಗಾಹಿ ಕುರಿ ಹೊಡೆದುಕೊಂಡು ಕೆರೆಯ ಆಚೆ ದಡದ ನೆರಳಿಗೆ ಹೋದ.

ಆಮೇಲೆ ಕುಂಬಾರ ಬೆಳಗಿನಿಂದ ಬೈಗಿನವರೆಗೆ ಮಾಡಿನ ಕೆಳಗೆ ತಿಗರಿಯ ಮುಂದೆಯೇ ಕೂತ. ಹರವಿಯ ಮೇಲೆ ಹರವಿ ಮಾಡಿದ. ಎಲ್ಲವನ್ನೂ ಹಿಂದಿನ ಹಾಗೆಯೇ ಹೊಂಗೆ ಮರದ ಕೆಳಗೆ ಇಟ್ಟ. ಇಟ್ಟು ಒಳಗೆ ಓಡಿದ. ಮರದ ಕೆಳಗೆ ಇಷ್ಟೊಂದು ಹರವಿ ಅವನು ಎಂದೂ ಕಂಡಿರಲಿಲ್ಲ. ಈಗ ದಾರಿಯಲ್ಲಿ ಹೋಗುವವರು, "ಪರವಾಗಿಲ್ಲ, ಕುಂಬಾರನಿಗೆ ಬುದ್ಧಿ ಬಂತು," ಎಂದರು. ಅವನಿಗೆ ಸಂತೋಷವಾಯಿತು.

ಆರಿದ ಹರವಿಗಳನ್ನು ಆವಿಗೆಯ ಗೂಡಿನಲ್ಲಿ ಜೋಡಿಸಿ ಸುಟ್ಟ. ಬೆಂಕಿ ಆರಿ ಬೂದಿ ತಣ್ಣಗಾದ ಮೇಲೆ ಮೊದಲನೆಯ ಹರವಿಯನ್ನು ಎತ್ತಿ ಬೆರಳ ಗಂಟಿನಿಂದ ತಟ್ಟಿದ. ಟಣ್ ಎನ್ನಬೇಕಾದದ್ದು ದಬ್ ಎಂದಿತು. ತಿರುಗಿಸಿ ನೋಡಿದ. ಬಾಯಿಯಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಬಿರುಕು. ಇನ್ನೊಂದು ಎತ್ತಿದ. ಅದೂ ದಬ್. ಮತ್ತೊಂದು. ಮಗದೊಂದು. ಹೆಂಡತಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಕೊನೆಯ ಹರವಿ ತಟ್ಟಿದ ಮೇಲೆ ಅವಳು ಒಳಗೆ ಹೋದಳು. ಗಳುವಿನ ಮೇಲಿದ್ದ ಸೀರೆಯನ್ನು ಮಡಿಸಿ ಹಾಕಿ ಪೆಟ್ಟಿಗೆ ಮುಚ್ಚಿದ ಸದ್ದು ಅವನಿಗೆ ಕೇಳಿಸಿತು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮಣ್ಣು ಕೆಟ್ಟಿದೆ ಎಂದುಕೊಂಡ. ಕೆರೆಗೆ ಹೋಗಿ ಬೇರೆ ಕಡೆ ಅಗೆದು ತಂದ. ಮೇಳ ಹತ್ತಿರ ಬರುತ್ತಿತ್ತು. ಹಠ ಬಿಡದೆ ಮತ್ತೆ ಕೆಲವು ಹರವಿ ಮಾಡಿ ಮರದ ಕೆಳಗಿಟ್ಟು ಮತ್ತೆ ತಿಗರಿಗೆ ಓಡಿದ.

ಅಂದು ಮಧ್ಯಾಹ್ನ ಹೆಂಡತಿ ಎಂದಿನ ಹಾಗೆ ಮಜ್ಜಿಗೆ ಹಿಡಿದು ಮರದ ಕೆಳಗೆ ಬಂದಳು. ಅಭ್ಯಾಸಬಲ. ಬಂದ ಮೇಲೆ ಅಲ್ಲಿ ಯಾರೂ ಇಲ್ಲ ಎಂದು ನೆನಪಾಯಿತು. ಮರಳಿ ಹೋಗಲು ಬೇಸರವಾಗಿ ಗಂಡ ಕೂರುವ ಜಾಗದಲ್ಲಿ ತಾನೇ ಕೂತಳು. ಮಜ್ಜಿಗೆಯನ್ನು ತಾನೇ ಕುಡಿದಳು. ತಂಪಾಗಿತ್ತು. ಹಾಗೇ ಕೂತಿದ್ದಳು. ಕೂತಿದ್ದಾಗ ನೆರಳು ಮೆಲ್ಲಗೆ ಸರಿಯುವುದು ಕಂಡಿತು. ಹೊರಸಾಲಿನ ಒಂದು ಹರವಿಯ ಹೆಗಲಿಗೆ ಬಿಸಿಲು ಬಂದು ಕೂತಿತು. ಅವಳು ಕೈ ಚಾಚಿ ಮುಟ್ಟಿದಳು. ಒಂದು ಮಗ್ಗುಲು ಒಣಗಿ ಬಿಸಿಯಾಗಿತ್ತು, ಇನ್ನೊಂದು ಮಗ್ಗುಲು ಇನ್ನೂ ಹಸಿಯಾಗಿ ತಣ್ಣಗಿತ್ತು. ಅವಳಿಗೇ ತಿಳಿಯದೆ ಅವಳ ಕೈ ಹರವಿಯನ್ನು ತುಸು ತಿರುಗಿಸಿತು.

ತಿರುಗಿಸಿದ ಮೇಲೆ ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಎದ್ದು ಕೆರೆ ಏರಿಯ ಮೇಲೆ ನಿಂತು ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದಳು.

"ಏ ಹುಲೀ! ಬಾರೋ ಇಲ್ಲಿ, ನಿನ್ನ ಭಾವ ಕರೀತಾರೆ!"

ಭಾವ ಕರೆದಿರಲಿಲ್ಲ. ತಿಗರಿಯ ಮುಂದಿನಿಂದ ಅವನನ್ನು ಎಬ್ಬಿಸಿ ಅವಳೇ ಕರೆತಂದಳು. ಕಲ್ಲಿನ ಮೇಲೆ ಹುಣಸೆ ಬೀಜ ಸುರಿದು, "ಆಡಿ," ಎಂದಳು.

"ನಿಂಗೇನು ತಲೆ ಕೆಟ್ಟಿದೆಯೇನೇ? ಮೇಳ ಇನ್ನೇನು ಬಂತು. ಈಗ ಆಟ ಆಡ್ಕೊಂಡು ಕೂರ್ಲಾ?"

"ಮಣ್ಣು ಕೆಟ್ಟಿಲ್ಲ, ಒಂದೇ ಮಗ್ಗುಲು ಒಣಗಿ ಬಿರೀತಾ ಇವೆ. ಮರವೂ ಅದೇ, ಬೆಂಕಿಯೂ ಅದೇ. ಈ ಸಲ ಇಲ್ಲಿ ಇಲ್ದೇ ಇದ್ದದ್ದು ನೀವೊಬ್ರೇ. ಬಿಸಿಲು ಏರಿದ ಮೇಲೆ ತಿಗರಿ ಕಡೆ ಕಾಲಿಟ್ರೆ ಕಾಲು ಮುರೀತೀನಿ. ಆಡಿ."

ಕುಂಬಾರ ಕೂತ. ಕಳ್ಳನ ಹಾಗೆ ಕೂತ. ಆದರೆ ಆಟ ಏರಿದ ಹಾಗೆ ಮನಸ್ಸು ಸಡಿಲವಾಯಿತು. ಒಂದು ಹೊತ್ತಿನಲ್ಲಿ ಅವನ ಕಾಲು ಜೋಮು ಹಿಡಿಯಿತು. ಎದ್ದು ಹರವಿಗಳ ನಡುವೆ ಹೋದ. "ಶುರುವಾಯ್ತು ನೋಡಕ್ಕ, ಸೋಲೋ ಹೊತ್ತಿಗೆ ಸರಿಯಾಗಿ," ಎಂದು ಕುರಿಗಾಹಿ ಕೂಗಿದ. ಅವಳು ಬಾಗಿಲಲ್ಲಿ ನಿಂತು ಗಂಡನ ಕೈ ಏನು ಮಾಡುತ್ತದೆ ಎಂದು ನೋಡುತ್ತಿದ್ದಳು. ಹರವಿಯ ಬೆನ್ನ ಮೇಲೆ ಅವನ ಕೈ ಅರೆಕ್ಷಣ ನಿಂತಿತು. ತಲೆ ಎತ್ತಿದ. ಇಬ್ಬರ ಕಣ್ಣೂ ಕಲೆತವು. ಅವನು ಹರವಿಯನ್ನು ನೆರಳಿಗೆ ಸರಿಸಿದ.

ಆವಿಗೆಯಿಂದ ತೆಗೆದು ತಟ್ಟಿದಾಗ ಈ ಸಲ ಎಲ್ಲವೂ ಟಣ್ ಎಂದವು. ಮೇಳಕ್ಕೆ ಅವರು ಒಯ್ದದ್ದು ಕೆಲವೇ ಹರವಿಗಳನ್ನು. ಪಕ್ಕದವರ ಸಾಲು ಉದ್ದವಿತ್ತು, ಬಣ್ಣವಿತ್ತು. ಆದರೂ ಜನ ಬಂದರು. ಅವಳು ಪೆಟ್ಟಿಗೆಯ ಸೀರೆ ಉಟ್ಟು, ಒಂದು ಹರವಿಯ ಹೆಗಲಿಗೆ ಕೈಯಿಟ್ಟು ರಾಣಿಯ ಹಾಗೆ ಕೂತಿದ್ದಳು. ಯಾರೋ ಬಾಗಿ, "ಇಂಥದ್ದೊಂದು ಮಾಡಲು ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. ಕುಂಬಾರ ಹೆಂಡತಿಯ ಮುಖ ನೋಡಿದ.

"ತಿಗರಿ ಮೇಲೆ ಎತ್ತೋಕೆ ಒಂದು ಗಳಿಗೆ ಸಾಕು ಸ್ವಾಮಿ," ಎಂದಳು ಹೆಂಡತಿ. "ಆಮೇಲೆ ಇವ್ರು ದಿನಗಟ್ಲೆ ಹುಲಿ-ಕುರಿ ಆಡಬೇಕು."

ಕೇಳಿದವರು ನಕ್ಕರು. ಕುಂಬಾರನೂ ನಕ್ಕ. ಈ ಸಲ ಎದೆಯಲ್ಲಿ ಚುರುಕ್ ಎನ್ನಲಿಲ್ಲ.

ಸಂಜೆಗೆ ಗಾಳಿ ಎದ್ದಿತು. ಹಿಂದೆಯೇ ಬೇಸಿಗೆಯ ದಪ್ಪ ಹನಿಯ ಮಳೆ ಬಂತು. ಜನ ಮೇಳದ ಡೇರೆಗಳಿಗೆ ಓಡಿದರು. ಗಂಡ ಎಳೆದರೂ ಅವಳು ಕೂತಲ್ಲಿಂದ ಏಳಲಿಲ್ಲ. ಇಂಥ ಜಾಗ ಸಿಕ್ಕಿದೆ, ಮಳೆಗೆ ಬಿಟ್ಟುಕೊಡುತ್ತೀನಾ ಎಂದಳು. ಅವನೂ ಪಕ್ಕದಲ್ಲಿ ಕೂತ. ಇಬ್ಬರೂ ನೆನೆದರು. ಮಳೆ ನಿಂತಾಗ ಪಕ್ಕದ ಡೇರೆಯ ಅಂಚಿನಿಂದ ಸುರಿದ ನೀರಿಗೆ ಹರವಿಗಳು ಬಾಯಿಮಟ್ಟ ತುಂಬಿ ನಿಂತಿದ್ದವು. ಎಲ್ಲೂ ಒಂದು ಹನಿ ಸೋರಿರಲಿಲ್ಲ. ಡೇರೆಗಳಿಂದ ಜನ ಒಬ್ಬೊಬ್ಬರೇ ಅವುಗಳನ್ನು ನೋಡಲು ಬಂದರು. ಅವಳು ಒದ್ದೆ ಸೆರಗು ಹಿಂಡಿಕೊಳ್ಳುತ್ತ ಗಂಡನ ಕಿವಿಯಲ್ಲಿ, "ನೋಡಿದ್ರಾ, ಅವರೇ ಬರ್ತಾ ಇದಾರೆ," ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಬೇವಿನ ಎಲೆಗಳು ಅಲ್ಲಾಡುತ್ತಿದ್ದವು.

 ಗುರುಗಳು ಮುಂದೆ ಏನಾದರೂ ಹೇಳುತ್ತಾರೆ ಎಂದು ಚನ್ನಮಲ್ಲ ಅಂದುಕೊಂಡಿದ್ದ. ಕತೆ ಅಲ್ಲಿಗೇ ಮುಗಿದಿತ್ತು. ಅವನು ತೊಡೆಯ ಮೇಲಿನ ಗಂಟನ್ನು ಕೈಗೆ ತೆಗೆದುಕೊಂಡ.

"ಕತೆ ಚೆನ್ನಾಗಿತ್ತು ಗುರುಗಳೇ. ಆದರೆ ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ನೀವು ನನಗೆ ಏನು..."

"ಮಗಾ," ಎಂದರು ಗುರುಗಳು, ಅವನ ಹೆಗಲ ಕಡೆ ನೋಡುತ್ತ, "ಬಿಸಿಲು ಬಂತು, ಸ್ವಲ್ಪ ಈಚೆ ಸರಿದು ಕೂರು."

ಚನ್ನಮಲ್ಲ ಹೆಗಲು ಮುಟ್ಟಿ ನೋಡಿಕೊಂಡ, ಒಂದು ಮಗ್ಗುಲು ಬಿಸಿಯಾಗಿತ್ತು. ಅವನು ಗಂಟನ್ನು ನೆಲಕ್ಕಿಟ್ಟು, ಸರಿದು ಕೂತ.